ಒಂದೇ ಬಂದೂಕು ಬೇಟೆಗೂ ಆಯ್ತು, ಮನೆಗೂ ಆಯ್ತು ಅನ್ನೋದು ಎಷ್ಟು ನಿಜ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು. ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದೇವೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ನುಗ್ಗುತ್ತವೆ, ಎಳೆ ಬೆಳೆಗೆ ಚಿಗರಿ (ಕೃಷ್ಣಮೃಗ) ಬೀಳುತ್ತವೆ. ಹೋದ ವರ್ಷ ಬೋರ್‌ವೆಲ್ಲಿನ ಕೇಬಲ್ ಕೂಡ ಕಳುವಾಯಿತು. ಅಮೆರಿಕದಲ್ಲಿರುವ ನನ್ನ ಷಡ್ಡಕ, ‘ಪಂಪ್ ಆಕ್ಷನ್ ಶಾಟ್‌ಗನ್ ತಗೋ, ಬೇಟೆಗೂ ಅದೇ, ಮನೆ ಕಾಯೋಕೂ ಅದೇ’ ಅನ್ನುತ್ತಾನೆ. ತಗೊಳ್ಳಬಹುದಾ?

ಉತ್ತರ: ನಿಮ್ಮ ಷಡ್ಡಕರು ಹೇಳಿದ್ದು ಅವರ ಊರಿನ ಮಟ್ಟಿಗೆ ಸರಿಯಾದ ಮಾತು. ಅಲ್ಲಿ ರೆಮಿಂಗ್ಟನ್ 870 ಅನ್ನುವ ಪಂಪ್ ಆಕ್ಷನ್ ಬಂದೂಕು 1950ರಲ್ಲಿ ಬಂತು. ಒಂದು ಕೋಟಿಗೂ ಜಾಸ್ತಿ ಮಾರಾಟವಾಗಿದೆ. ಅಷ್ಟು ಜನ ಸುಮ್ನೆ ಕೊಳ್ಳುವುದಿಲ್ಲ.

ಅದರ ಗುಟ್ಟು ಇರುವುದು ಕಾಡತೂಸಿನಲ್ಲಿ. ಇದು ಸಾಮಾನ್ಯವಾಗಿ 12 ಬೋರಿನದು. ಅಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಸಾಸಿವೆ ಗಾತ್ರದ ನೂರಾರು ಕಾಳು ತುಂಬಿದ ಕಾಡತೂಸು ಹಾಕಿದರೆ ಅದು ಹಕ್ಕಿ ಬಂದೂಕು. ದಪ್ಪ ಗುಂಡಿನ ಎಸ್‌ಜಿ, ಎಲ್‌ಜಿ ಹಾಕಿದರೆ ದೊಡ್ಡ ಪ್ರಾಣಿಗೆ. ಒಂದೇ ಗುಂಡಿನ ಕಾಡತೂಸೂ ಉಂಟು. ಹಲವು ಮಾದರಿಗಳಲ್ಲಿ ನಳಿಗೆಯನ್ನೂ ಬಿಚ್ಚಿ ಬದಲಿಸಬಹುದು: ಹಕ್ಕಿಗೆ 28 ಇಂಚಿನದು, ಮನೆಗೆ ಗಿಡ್ಡದು. ಮುಂದಿನ ಹಿಡಿಕೆಯನ್ನು ಹಿಂದಕ್ಕೆ ಎಳೆದರೆ ಖಾಲಿ ಕೋಶ ಹೊರಗೆ ಹಾರುತ್ತದೆ, ಮುಂದಕ್ಕೆ ನೂಕಿದರೆ ಹೊಸದು ಕೂರುತ್ತದೆ. ಕೆಲಸವೆಲ್ಲ ಕೈಯದೇ ಆದ್ದರಿಂದ ಕಾಡತೂಸು ಹಗುರವಿದ್ದರೂ ಜೋರಿದ್ದರೂ ಅದಕ್ಕೆ ಒಂದೇ.

ಈಗ ನಮ್ಮ ಹೊಲಕ್ಕೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಈಗ ಬೇಟೆ ಇಲ್ಲ. ಅಮೆರಿಕದಲ್ಲಿ ಈ ಬಂದೂಕಿನ ದೊಡ್ಡ ಕೆಲಸವೇ ಬಾತು, ಹೆಬ್ಬಾತು ಹೊಡೆಯುವುದು. ಅಲ್ಲೂ ವಲಸೆ ಹಕ್ಕಿಗೆ ಮೂರಕ್ಕಿಂತ ಜಾಸ್ತಿ ಕಾಡತೂಸು ತುಂಬುವಂತಿಲ್ಲ. ಅದಕ್ಕೇ ಕಾಡತೂಸಿನ ಕೊಳವೆಯೊಳಗೆ ಒಂದು ಕಟ್ಟಿಗೆಯ ಕಡ್ಡಿ ತುರುಕಿಡುತ್ತಾರೆ. ನೀರಹಕ್ಕಿಗೆ ಸೀಸದ ಕಾಳನ್ನು ದೇಶಪೂರ್ತಿ 1991ರಲ್ಲೇ ನಿಲ್ಲಿಸಿದರು. ನಮ್ಮ ಗದಗಿನ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಗಲು ಕೆರೆಯಲ್ಲಿ ತೇಲುತ್ತ ಕೂರುತ್ತವೆ. ಹಿಮಾಲಯ ದಾಟಿ ಬಂದ ಹಕ್ಕಿ ಅದು. ಅದನ್ನು ನೋಡಲಿಕ್ಕೆ ಬೈನಾಕ್ಯುಲರ್ ಸಾಕು.

ಚಿಗರಿಯ ಮಾತು ಇನ್ನೂ ಗಟ್ಟಿ. ನಿಮ್ಮ ತಾಲ್ಲೂಕಿನಲ್ಲೇ ಕೃಷ್ಣಮೃಗದ ಅಭಯಾರಣ್ಯ ಇದೆ, ಗೊತ್ತಲ್ಲ. ಚಿಗರಿ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಹೆಚ್ಚಿನ ರಕ್ಷಣೆಯ ಪ್ರಾಣಿ. ಹೊಡೆದರೆ 3ರಿಂದ 7 ವರ್ಷ ಜೈಲು. ಬೆಳೆ ತಿಂತು ಅನ್ನುವ ಕಾರಣಕ್ಕೆ ಅದನ್ನು ಕೊಲ್ಲಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆ ಹಾಳು ಮಾಡಿದರೆ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು, ಆದರೆ ಆ ಕಾಗದ ಇಲ್ಲದೆ ಹಂದಿಗೂ ಗುಂಡು ಹಾರಿಸುವಂತಿಲ್ಲ. ಬಂದೂಕಿನ ಲೈಸೆನ್ಸ್ ಬೇರೆ, ಈ ಅನುಮತಿ ಬೇರೆ. ಬೆಳೆ ಹಾಳಾದ ದಿನವೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಹೊಲಕ್ಕೆ ಸೋಲಾರ್ ಬೇಲಿ ಯೋಚಿಸಿ. ಮನೆಯ ಕರೆಂಟನ್ನು ನೇರವಾಗಿ ಬೇಲಿ ತಂತಿಗೆ ಕೊಡಲೇಬೇಡಿ. ಬೆಳಗ್ಗೆ ನೀರು ಕಟ್ಟಲು ಹೋದವರೇ ಅದಕ್ಕೆ ಸಿಕ್ಕಿ ಸಾಯುತ್ತಾರೆ.

ಇನ್ನು ಮನೆ ಕಾವಲು. ಬಂದೂಕು ಸುರಕ್ಷತೆ ಕಲಿಸುವಾಗ ನಾನು ಹೆಚ್ಚಾಗಿ ನೋಡುವ ತಪ್ಪು ಒಂದಿದೆ. ಪಂಪ್‌ನ ಹಿಡಿಕೆಯನ್ನು ನಿಧಾನಕ್ಕೆ ಎಳೆಯಿರಿ ಅಂದರೆ ಎಲ್ಲರೂ ಚಂದಾಗಿ ಎಳೆಯುತ್ತಾರೆ. ‘ಬೇಗ!’ ಅಂದು ಕೂಗಿದರೆ ಸಾಕು, ಹಿಡಿಕೆ ಮುಕ್ಕಾಲು ದಾರಿಗೆ ನಿಲ್ಲುತ್ತದೆ. ಖಾಲಿ ಕೋಶ ಕಿಂಡಿಯಲ್ಲಿ ಸೊಟ್ಟಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಒತ್ತಿದರೆ ಏನೂ ಆಗುವುದಿಲ್ಲ. ತರಬೇತಿ ಮೈದಾನದಲ್ಲಿ, ಹಾಡಹಗಲಲ್ಲಿ ಹೀಗೆ. ನಡುರಾತ್ರಿ ನಿದ್ದೆಗಣ್ಣಲ್ಲಿ ಹೇಗಿರುತ್ತೆ ನೋಡಿ. ಇನ್ನೊಂದು, ಶಾಟ್‌ಗನ್‌ಗೆ ಗುರಿ ಬೇಕಿಲ್ಲ ಅನ್ನುತ್ತಾರಲ್ವಾ? ಅದು ಸುಳ್ಳು. ಒಂದು ಕೋಣೆಯ ಅಳತೆಯಲ್ಲಿ ಕಾಳು ಹರಡುವುದು ಸುಮಾರು ಅಂಗೈ ಅಗಲ ಮಾತ್ರ. ತಪ್ಪಿದ ದಪ್ಪ ಗುಂಡು ತಗಡಿನ ಗೋಡೆಯಲ್ಲಿ ನಿಲ್ಲುವುದಿಲ್ಲ. ಆಚೆ ದನದ ಕೊಟ್ಟಿಗೆ ಇದೆಯಾ, ಮಕ್ಕಳು ಮಲಗುತ್ತಾರಾ, ಇದನ್ನು ಹಗಲಲ್ಲೇ ನೋಡಿಕೊಳ್ಳಬೇಕು.

ಕಾನೂನು ಕೂಡ ತಿಳಿದಿರಲಿ. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮು ರಾತ್ರಿ ಮನೆ ಒಡೆದು ನುಗ್ಗುವವನ ವಿರುದ್ಧ ದೊಡ್ಡ ಹಕ್ಕನ್ನೇ ಕೊಡುತ್ತದೆ. ಆದರೆ ಬೇಕಾದಷ್ಟಕ್ಕಿಂತ ಹೆಚ್ಚು ಬಲ ಹಾಕುವಂತಿಲ್ಲ. ಕೇಬಲ್ ಹೊತ್ತು ಓಡುವವನ ಬೆನ್ನಿಗೆ ಹಾರಿಸಿದರೆ ಕೊಲೆ ಕೇಸು ನಿಮ್ಮ ಮೇಲೇ ಬರುತ್ತದೆ. ಮೊದಲು ಬಾಗಿಲು ಭದ್ರ ಮಾಡಿಕೊಂಡು 112ಕ್ಕೆ ಫೋನ್ ಮಾಡಿ.

ಇಷ್ಟಾದ ಮೇಲೂ ಬಂದೂಕು ಬೇಕೇ ಬೇಕು ಅನ್ನಿಸಿದರೆ ನನ್ನ ಆಯ್ಕೆ ಪಂಪ್ ಅಲ್ಲ, ಹಳೇ ಜೋಡುನಳಿಗೆ. ಎರಡೇ ಗುಂಡು, ನಿಜ. ಆದರೆ ಅದನ್ನು ಮಡಚಿದರೆ ಎರಡೂ ನಳಿಗೆ ಕಣ್ಣಿಗೆ ಕಾಣುತ್ತವೆ. ಖಾಲಿಯೋ ತುಂಬಿದೆಯೋ ಅಂತ ಹತ್ತು ವರ್ಷದ ಹುಡುಗನೂ ಹೇಳಬಲ್ಲ. ಪಂಪ್‌ನಲ್ಲಿ ನಳಿಗೆ ಖಾಲಿ ಇದ್ದರೂ ಕೆಳಗಿನ ಕೊಳವೆಯಲ್ಲಿ ನಾಲ್ಕು ಕಾಡತೂಸು ಅಡಗಿ ಕೂತಿರಬಹುದು, ಹಿಡಿಕೆ ಒಮ್ಮೆ ಎಳೆದು ನೂಕಿದರೆ ಬಂದೂಕು ಸಿದ್ಧ. ಮಕ್ಕಳಿರುವ ಮನೆಯಲ್ಲಿ ನನಗೆ ಹೆಚ್ಚು ಭಯ ಇದರದೇ.

ಲೈಸೆನ್ಸಿಗೆ ಹಳ್ಳಿಯವರು ಜಿಲ್ಲಾಧಿಕಾರಿ ಕಚೇರಿಗೆ, ಹುಬ್ಬಳ್ಳಿ-ಧಾರವಾಡ ಶಹರದವರು ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿ ಆದ ಮೇಲೆ ಅವಧಿ 5 ವರ್ಷ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ. ಬಂದೂಕು ಒಂದು ಕಪಾಟಿನಲ್ಲಿ, ಕಾಡತೂಸು ಬೇರೆ ಕಪಾಟಿನಲ್ಲಿ ಇರಲಿ. ಎರಡಕ್ಕೂ ಬೀಗ, ಕೀಲಿ ನಿಮ್ಮ ಹತ್ತಿರ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಮಾವನವರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಜೋಡುನಳಿಗೆ ಬಂದೂಕು ಟ್ರಂಕಿನಲ್ಲೇ ಇದೆ. ಲೈಸೆನ್ಸ್ ಅವರ ಹೆಸರಲ್ಲಿದೆ. ಏನು ಮಾಡಬೇಕು?

ಉತ್ತರ: ತಾಯಿ, ಇನ್ನು ತಡ ಮಾಡಬೇಡಿ. ಅವರೊಂದಿಗೆ ಆ ಲೈಸೆನ್ಸೂ ಮುಗಿಯಿತು. ಈಗ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪಾಗುತ್ತದೆ. ನೀವೇ ಹೊತ್ತುಕೊಂಡು ಬೀದಿಯಲ್ಲಿ ಹೋಗಬೇಡಿ. ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದ ಹಾಗೆ ಅಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಜಮಾ ಮಾಡಿ. ಉಳಿದ ಕಾಡತೂಸು ಎಣಿಸಿ ಅದನ್ನೂ ಕೊಡಿ. ಮನೆಯವರು ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಿದ್ದರೆ ಆಮೇಲೆ ಮರಣ ಪತ್ರ, ವಾರಸುದಾರರ ಒಪ್ಪಿಗೆ ಇಟ್ಟು ಅರ್ಜಿ ಹಾಕಬಹುದು. ಜಮಾ ಮಾಡಿದಾಗ ಬಂದೂಕಿನ ನಂಬರು ಬರೆದ ರಸೀದಿ ಕೇಳಿ ಪಡೆಯಿರಿ.