ಅಹಂಕಾರ ಹೋಯಿತೆಂದುಕೊಂಡಿದ್ದೆ, ಹೊಟ್ಟೆಯುರಿ ಏಕೆ ಬಂತು?

ಪ್ರಶ್ನೆ: ಹತ್ತು ವರ್ಷಗಳಿಂದ ತಪ್ಪದೆ ಧ್ಯಾನ ಮಾಡುತ್ತಿದ್ದೇನೆ. ಸಿಟ್ಟು ತಗ್ಗಿದೆ, ಮಾತು ಕಡಿಮೆಯಾಗಿದೆ. ಅಹಂಕಾರವೂ ಹೋಯಿತೆಂದೇ ಅಂದುಕೊಂಡಿದ್ದೆ. ಮೊನ್ನೆ ನಮ್ಮ ಗುರುಗಳು ಈಚೆಗಷ್ಟೇ ಸೇರಿದ ಹುಡುಗನೊಬ್ಬನನ್ನು ಎಲ್ಲರೆದುರು ಹೊಗಳಿದರು. ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇಷ್ಟು ವರ್ಷದ ಸಾಧನೆ ನೀರಿನಲ್ಲಿ ಹೋಮವಾಯಿತೇ? ಅಹಂಕಾರವನ್ನು ಬೇರುಸಹಿತ ಕೀಳುವುದು ಹೇಗೆ?

ಉತ್ತರ: ಹೋಮವೇನೂ ನೀರುಪಾಲಾಗಿಲ್ಲ. ಹತ್ತು ವರ್ಷದ ಹಿಂದಾಗಿದ್ದರೆ ಬಹುಶಃ ಗುರುಗಳಲ್ಲೇ ತಪ್ಪು ಹುಡುಕುತ್ತಿದ್ದಿರಿ. ಈಗ ನಿಮ್ಮ ಕಡೆ ತಿರುಗಿ ನೋಡಿದ್ದೀರಿ.

ಸಿಕ್ಕು ಇರುವುದು ಆ ಪದದಲ್ಲಿ. ಆಡುಮಾತಿನಲ್ಲಿ ಅಹಂಕಾರವೆಂದರೆ ಜಂಬ, ಕೊಬ್ಬು. ಶಾಸ್ತ್ರ ಹಾಗೆನ್ನುವುದಿಲ್ಲ. ಭಗವದ್ಗೀತೆಯ 18ನೇ ಅಧ್ಯಾಯದ 53ನೇ ಶ್ಲೋಕ ಬಿಡಬೇಕಾದವುಗಳನ್ನು ಹೆಸರಿಸುವಾಗ ಅಹಂಕಾರವನ್ನೂ ದರ್ಪವನ್ನೂ ಬೇರೆಬೇರೆಯಾಗಿಯೇ ಎಣಿಸುತ್ತದೆ. ಜಗತ್ತನ್ನೂ ಜೀವವನ್ನೂ 25 ತತ್ತ್ವಗಳಾಗಿ ಎಣಿಸಿ ವಿವರಿಸುವ ಸಾಂಖ್ಯ ದರ್ಶನದಲ್ಲಿ ಅಹಂಕಾರವೂ ಒಂದು ತತ್ತ್ವ. ಅದು ಹುಟ್ಟುವುದು ಬುದ್ಧಿಯಿಂದ, ಮನಸ್ಸೂ ಇಂದ್ರಿಯಗಳೂ ಹುಟ್ಟುವುದು ಅದರಿಂದ. ನಡೆದದ್ದಕ್ಕೆಲ್ಲ 'ನಾನು', 'ನನ್ನದು' ಎಂದು ಹಣೆಪಟ್ಟಿ ಹಚ್ಚುವುದೇ ಅದರ ಕೆಲಸ. ನಿಮ್ಮ ಜಂಬ ಸವೆದಿದೆ, ಪಟ್ಟಿ ಹಚ್ಚುವ ಕೈ ಮಾತ್ರ ಸುಮ್ಮನಾಗಿಲ್ಲ. ಹಿಂದೆ ಓದಿಗೋ ಹುದ್ದೆಗೋ ಹಚ್ಚುತ್ತಿದ್ದದ್ದು ಈಗ ಧ್ಯಾನಕ್ಕೆ ಹಚ್ಚಿದೆ. 'ನಾನು ಪಾಪಿ, ಯಾತಕ್ಕೂ ಬಾರದವನು' ಎಂದು ಹಲುಬುವವರೂ ಹಚ್ಚಿಕೊಳ್ಳುವುದು ಇದೇ ಪಟ್ಟಿಯನ್ನು. (ಅವರದನ್ನು ಹಿಡಿಯುವುದು ಇನ್ನೂ ಕಷ್ಟ, ಜನ ಅದನ್ನು ವಿನಯವೆಂದು ಮೆಚ್ಚುತ್ತಾರೆ.)

ಇನ್ನು ಕೀಳುವ ಮಾತು. ಕೀಳಲು ಹೊರಟವರು ಯಾರು? ಕಳ್ಳನೇ ಪೊಲೀಸನ ವೇಷ ಹಾಕಿ ಕಳ್ಳನನ್ನು ಹುಡುಕಿದಂತೆ ಎಂದು ರಮಣ ಮಹರ್ಷಿಗಳು ಇದನ್ನು ವಿವರಿಸುತ್ತಿದ್ದರು. ಆದ್ದರಿಂದ ಕೀಳಲು ಹೋಗಬೇಡಿ, ನೋಡಿ. ಆ ರಾತ್ರಿ ನಿಮ್ಮೊಳಗೆ ಸುತ್ತುತ್ತಿದ್ದ ಮಾತು ಯಾವುದು? 'ಇಷ್ಟು ವರ್ಷ ಕೂತವನು ನಾನು' ಎಂಬಂಥದ್ದೇ ಇರಬೇಕು. ಕೂತದ್ದು ದೇಹ, ಏಕಾಗ್ರವಾದದ್ದು ಮನಸ್ಸು. ನಡುವೆ ಲೆಕ್ಕ ಇಟ್ಟುಕೊಂಡು ಕೂಲಿ ಕೇಳಿದವನು ಯಾರು? ಅವನನ್ನು ಬೈಯದೆ, ಓಡಿಸದೆ ಹಾಗೇ ನೋಡುತ್ತಿರಿ. ಉರಿ ಎದ್ದದ್ದು ನಿಮಗೆ ಗೊತ್ತಾಯಿತು, ತಣಿದದ್ದೂ ಗೊತ್ತಾಗಿರುತ್ತದೆ. ಆ ಅರಿವೂ ಉರಿಯಿತೇ? ಇದಕ್ಕೆ ಪುಸ್ತಕದ ಉತ್ತರ ಕೊಟ್ಟುಕೊಳ್ಳಬೇಡಿ, ಅದರಿಂದ ಉಪಯೋಗವಿಲ್ಲ.

ವೇದಾಂತಿಗಳು ಗಾಢನಿದ್ದೆಯನ್ನು ಅಷ್ಟೊಂದು ಚರ್ಚಿಸುವುದೂ ಇದಕ್ಕೇ. ಅಲ್ಲಿ ನಿಮಗೆ ಹೆಸರಿಲ್ಲ, ಹತ್ತು ವರ್ಷದ ಸಾಧನೆಯಿಲ್ಲ, ಆ ಹುಡುಗನೂ ಇಲ್ಲ. ಆದರೂ ಎದ್ದಮೇಲೆ 'ಸುಖವಾಗಿ ಮಲಗಿದ್ದೆ' ಎನ್ನುತ್ತೀರಿ. ಅಂದರೆ 'ನಾನು' ಎನ್ನುವ ಹಣೆಪಟ್ಟಿ ದಿನವೂ ಕಳಚುತ್ತದೆ, ಅದರಿಂದ ನಿಮಗೆ ನಷ್ಟವೇನೂ ಆದಂತಿಲ್ಲ. ಅಹಂಕಾರ ಬಿಟ್ಟರೆ ನಾನೇ ಉಳಿಯಲಾರೆನೇನೋ ಎಂಬ ಅಳುಕು ಅನೇಕ ಸಾಧಕರಲ್ಲಿರುತ್ತದೆ. ಈ ದಿನನಿತ್ಯದ ಅನುಭವವನ್ನು ಮತ್ತೆ ಮತ್ತೆ ವಿಚಾರಿಸಿದರೆ ಆ ಅಳುಕು ಸಡಿಲವಾಗುತ್ತದೆ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ: ಇದನ್ನು ಗುರುಗಳಿಗೆ ಹೇಳಿದಿರಾ? ಹೇಳಲು ನಾಲಿಗೆ ಏಳುತ್ತಿಲ್ಲವೆಂದರೆ, ತಡೆಯುತ್ತಿರುವುದು ಏನೆಂದು ಅಲ್ಲಿಂದಲೇ ನೋಡಲು ಶುರುಮಾಡಿ.