ಬಂದರಿನಲ್ಲಿ ಇಳಿಯುವಾಗ ಪಾಸ್‌ಪೋರ್ಟ್ ಎಲ್ಲಿರಬೇಕು?

ಕ್ರೂಸ್ ಪ್ರವಾಸದ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಪಾಸ್‌ಪೋರ್ಟ್‌ಗೆ ಸಂಬಂಧಿಸಿದವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹಡಗು ಬಂದರಿನಲ್ಲಿ ನಿಂತಾಗ ಏಳೆಂಟು ಗಂಟೆ ಊರು ಸುತ್ತಲು ಬಿಡುತ್ತಾರಂತೆ. ಪಾಸ್‌ಪೋರ್ಟನ್ನು ಕ್ಯಾಬಿನ್‌ನಲ್ಲೇ ಬಿಡಬೇಕೆ, ಜೊತೆಗೆ ಒಯ್ಯಬೇಕೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಎಲ್ಲ ಬಂದರಿಗೂ ಹೊಂದುವ ಒಂದೇ ಉತ್ತರ ಇಲ್ಲ, ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುವುದು. ಪಾಸ್‌ಪೋರ್ಟ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆಯಾ ದೇಶದ ಇಮಿಗ್ರೇಷನ್ ಇಲಾಖೆ. ಅದರ ಸೂಚನೆ ಹಿಂದಿನ ಸಂಜೆ ಕ್ಯಾಬಿನ್‌ಗೆ ಬರುವ ದಿನಚರಿ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಇರುತ್ತದೆ. ಊಟದ ಸಮಯ, ಶೋಗಳ ಪಟ್ಟಿ ನೋಡಿ ಹಾಳೆ ಮಡಚಿಡುವವರೇ ಹೆಚ್ಚು. ಇಳಿಯುವವರು ಯಾವ ದಾಖಲೆ ತರಬೇಕು ಎನ್ನುವ ಸಾಲನ್ನು ಹುಡುಕಿ ಓದಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಬರೆದಿರುತ್ತದೆ: ಹಡಗಿನ ಕಾರ್ಡ್ (ಹಡಗಿನವರು ಕೊಡುವ, ಕ್ಯಾಬಿನ್ ಬಾಗಿಲನ್ನೂ ತೆರೆಯುವ ಗುರುತಿನ ಕಾರ್ಡ್) ಸಾಕು, ಕಾರ್ಡ್ ಜೊತೆ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು, ಅಥವಾ ಅಸಲು ಪಾಸ್‌ಪೋರ್ಟೇ ಬೇಕು. ಮೂರನೆಯದಿದ್ದರೆ ಚರ್ಚೆಗೆ ಜಾಗವಿಲ್ಲ, ಮರೆತು ಬಂದವರನ್ನು ಇಳಿಯುವ ಬಾಗಿಲಲ್ಲೇ ಕ್ಯಾಬಿನ್‌ಗೆ ವಾಪಸು ಕಳಿಸುತ್ತಾರೆ. ಜಪಾನ್‌ನಂಥ ದೇಶದಲ್ಲಿ 16 ವರ್ಷ ತುಂಬಿದ ವಿದೇಶಿಯರು ಪಾಸ್‌ಪೋರ್ಟ್ ಅಥವಾ ಬಂದರಿನಲ್ಲಿ ಕೊಟ್ಟ ಇಳಿಯುವ ಅನುಮತಿ ಪತ್ರವನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬ ಕಾನೂನೇ ಇದೆ.

ಹಾಳೆ ಏನನ್ನೂ ಕೇಳದಿದ್ದರೆ ಪಾಸ್‌ಪೋರ್ಟ್ ಕ್ಯಾಬಿನ್‌ನ ಸೇಫ್‌ನಲ್ಲಿರಲಿ. ಅದರ ಜೆರಾಕ್ಸ್ ಮತ್ತು ಹಡಗಿನ ಕಾರ್ಡ್ ನಿಮ್ಮ ಜೇಬಿನಲ್ಲಿರಲಿ.

ಹಾಳೆ ಕೇಳದಿದ್ದರೂ ಒಯ್ಯಬೇಕಾದ ಸಂದರ್ಭಗಳುಂಟು. ಸುತ್ತಾಟ ಗಡಿ ದಾಟುವುದಾದರೆ, ಉದಾಹರಣೆಗೆ ಹಾಂಗ್‌ಕಾಂಗ್‌ನಲ್ಲಿ ಇಳಿದು ಮಕಾವ್‌ಗೆ, ಸಿಂಗಪುರದಲ್ಲಿ ಇಳಿದು ಜೊಹೋರ್ ಬಾಹ್ರುಗೆ ಹೋಗುವವರು, ಒಯ್ಯಲೇಬೇಕು. ರಾತ್ರಿ ಹಡಗಿನಿಂದ ಹೊರಗೆ ತಂಗುವವರು, ಕಾರು ಬಾಡಿಗೆಗೆ ಪಡೆಯುವವರು, ಖರೀದಿಯ ತೆರಿಗೆ ವಾಪಸು ಕೇಳುವವರೂ ಅಷ್ಟೆ. ಸಿಮ್ ಕೊಳ್ಳುವಾಗಲೂ ಹಣ ಬದಲಿಸುವಾಗಲೂ ಹಲವು ಕಡೆ ಅಸಲನ್ನೇ ಕೇಳುತ್ತಾರೆ. ಅಂಥ ಕೆಲಸಗಳನ್ನೆಲ್ಲ ಒಂದೇ ಬಂದರಿಗೆ ಕೂಡಿಸಿಕೊಂಡರೆ ಉಳಿದ ದಿನಗಳಲ್ಲಿ ಪಾಸ್‌ಪೋರ್ಟ್ ಹೊರತೆಗೆಯುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಪಾಸ್‌ಪೋರ್ಟ್ ಹಡಗಿನಲ್ಲೇ ಇದ್ದು, ನಾವು ತಡವಾಗಿ ಬಂದು, ಹಡಗು ಹೊರಟುಹೋದರೆ?

ಉತ್ತರ: ಕಳ್ಳತನಕ್ಕಿಂತ ಹೆಚ್ಚು ಯೋಚಿಸಬೇಕಾದ ಅಪಾಯ ಇದೇ. ಹತ್ತುವಾಗ, ಇಳಿಯುವಾಗ ಕಾರ್ಡ್ ಸ್ಕ್ಯಾನ್ ಮಾಡುವುದರಿಂದ ಯಾರು ಇನ್ನೂ ಬಂದಿಲ್ಲ ಎಂಬುದು ಹೊರಡುವ ಮೊದಲೇ ಹಡಗಿನವರಿಗೆ ತಿಳಿದಿರುತ್ತದೆ. ಹೆಸರು ಕೂಗುತ್ತಾರೆ, ಫೋನ್ ಮಾಡಿ ನೋಡುತ್ತಾರೆ. ಆಮೇಲೂ ಬಾರದಿದ್ದರೆ ಹಲವು ಕಂಪನಿಗಳ ಭದ್ರತಾ ಸಿಬ್ಬಂದಿ ಆ ಕ್ಯಾಬಿನ್‌ನ ಸೇಫ್ ತೆರೆದು, ಪಾಸ್‌ಪೋರ್ಟ್ ಸಿಕ್ಕರೆ ದಡದಲ್ಲಿರುವ ಪೋರ್ಟ್ ಏಜೆಂಟ್ (ಆ ಬಂದರಿನಲ್ಲಿ ಹಡಗು ಕಂಪನಿಯ ಪ್ರತಿನಿಧಿ) ಕೈಗೆ ಕೊಟ್ಟು ಹೋಗುತ್ತಾರೆ. ಇದು ರೂಢಿಯೇ ಹೊರತು ಖಾತರಿಯಲ್ಲ. ನಿಮ್ಮ ಹಡಗಿನಲ್ಲಿ ಹೇಗೆ ಎಂದು ಮೊದಲ ದಿನವೇ ಗೆಸ್ಟ್ ಸರ್ವಿಸ್ ಕೌಂಟರ್‌ನಲ್ಲಿ ಕೇಳಿಡಿ. ಇನ್ನೂ ಒಂದು ಮಾತು: ಅವರು ಆ ಅವಸರದಲ್ಲಿ ನೋಡುವುದು ಸೇಫನ್ನು. ಹಾಸಿಗೆಯಡಿ, ಸೂಟ್‌ಕೇಸಿನ ಒಳಜೇಬು, ಬಟ್ಟೆಯ ಮಡಿಕೆ ಇವೆಲ್ಲ ಕಳ್ಳನಿಂದ ಅಡಗಿಸಲು ಸರಿ ಎನಿಸಬಹುದು, ಆದರೆ ಸಹಾಯಕ್ಕೆ ಬಂದವರಿಗೂ ಸಿಗುವುದಿಲ್ಲ.

ದಿನಚರಿ ಹಾಳೆಯಲ್ಲಿ ಆ ಬಂದರಿನ ಏಜೆಂಟ್‌ನ ಹೆಸರು, ಫೋನ್ ನಂಬರ್ ಅಚ್ಚಾಗಿರುತ್ತದೆ. ಇಳಿಯುವ ಮೊದಲು ಆ ಭಾಗದ ಫೋಟೊ ತೆಗೆದುಕೊಳ್ಳಿ, ಒಂದು ಚೀಟಿಯಲ್ಲೂ ಬರೆದುಕೊಳ್ಳಿ, ಏಕೆಂದರೆ ಸುತ್ತಾಡಿ ಸಂಜೆಯಾಗುವ ಹೊತ್ತಿಗೆ ಫೋನಿನ ಚಾರ್ಜ್ ಮುಗಿದಿರುತ್ತದೆ. ಹಡಗು ತಪ್ಪಿತೆಂದು ಗೊತ್ತಾದ ಕೂಡಲೇ ಮೊದಲ ಕರೆ ಏಜೆಂಟ್‌ಗೆ. ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ, ಆ ದೇಶದ ವೀಸಾವೂ ಬೇಕು. ಸಮುದ್ರದ ಮೂಲಕ ಬಂದರೆ ವೀಸಾ ಕೇಳದ ದೇಶ ವಿಮಾನದಲ್ಲಿ ಬಂದಿಳಿದರೆ ಕೇಳಬಹುದು. ಹಡಗಿನವರೇ ಏರ್ಪಡಿಸಿದ ಸುತ್ತಾಟದಲ್ಲಿದ್ದು ತಡವಾದರೆ ಮಾತ್ರ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಕಳಿಸಿಕೊಡುತ್ತಾರೆ.

ಬಂದರಿನಿಂದ ಬಹುದೂರ, ನಿಮ್ಮಷ್ಟಕ್ಕೆ ನೀವೇ ಹೋಗುವುದಾದರೆ ನಮ್ಮ ಸಲಹೆ ಬೇರೆ. 'ರೋಮ್' ಎಂದು ಪಟ್ಟಿಯಲ್ಲಿರುವ ಬಂದರು ವಾಸ್ತವದಲ್ಲಿ ಚಿವಿಟವೆಕ್ಕಿಯಾ. ಅಲ್ಲಿಂದ ರೋಮ್‌ಗೆ ಸುಮಾರು 70 ಕಿ.ಮೀ. 'ಬ್ಯಾಂಕಾಕ್' ಎಂದರೆ ಲೇಮ್ ಚಬಾಂಗ್, ನೂರು ಕಿ.ಮೀ.ಗೂ ದೂರ. 'ಪ್ಯಾರಿಸ್' ಎಂದರೆ ಹೆಚ್ಚಾಗಿ ಲ ಹಾವ್ರ್, ಇನ್ನೂ ದೂರ. ಒಂದು ರೈಲು ರದ್ದಾದರೆ, ರಸ್ತೆಯಲ್ಲಿ ವಾಹನ ಸಿಕ್ಕಿಬಿದ್ದರೆ ಹಡಗು ತಪ್ಪಬಹುದು. ಇಂಥ ದಿನ ಪಾಸ್‌ಪೋರ್ಟ್ ಮೈಮೇಲಿರಲಿ, ಜೆರಾಕ್ಸ್ ಸೇಫ್‌ನಲ್ಲಿರಲಿ. ಬಂದರಿನ ಅಕ್ಕಪಕ್ಕದಲ್ಲೇ ನಡೆದಾಡಿ ಬರುವ ದಿನ ಇದನ್ನು ತಿರುಗಿಸಿ.

ಗಡಿಯಾರದ ವಿಷಯವನ್ನೂ ಸೇರಿಸಬೇಕು. ಹತ್ತಲು ಕೊಡುವ ಕೊನೆಯ ಸಮಯ ಸಾಮಾನ್ಯವಾಗಿ ಹೊರಡುವುದಕ್ಕಿಂತ ಅರ್ಧ ಗಂಟೆ ಮೊದಲು, ಕೆಲವೆಡೆ ಇನ್ನೂ ಮುಂಚೆ. ಅದು ಹಡಗಿನ ಸಮಯ. ಫೋನ್ ದಡದ ಸಿಗ್ನಲ್ ಹಿಡಿದು ತಾನೇ ಸ್ಥಳೀಯ ಸಮಯಕ್ಕೆ ಬದಲಾಗುತ್ತದೆ. ಎರಡರ ನಡುವೆ ಒಂದು ಗಂಟೆ ವ್ಯತ್ಯಾಸವಿರುವ ಬಂದರಿನಲ್ಲಿ ಜನ ಎಡವುವುದು ಇಲ್ಲೇ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡು ಅದನ್ನಷ್ಟೇ ನಂಬಿ.

ಪ್ರಶ್ನೆ: ಹಡಗು ಹತ್ತುವಾಗಲೇ ಪಾಸ್‌ಪೋರ್ಟ್ ತೆಗೆದುಕೊಂಡು ರಸೀದಿ ಕೊಡುತ್ತಾರೆಂದು ಕೇಳಿದ್ದೇವೆ. ಕೊಡಬಹುದೆ?

ಉತ್ತರ: ಕೊಡಬಹುದು, ಕೆಲವು ಮಾರ್ಗಗಳಲ್ಲಿ ಕೊಡಲೇಬೇಕು. ಸಾವಿರಾರು ಪ್ರಯಾಣಿಕರು ಒಬ್ಬೊಬ್ಬರಾಗಿ ಸಾಲು ನಿಲ್ಲುವ ಬದಲು, ಹಡಗಿನವರು ಪ್ರಯಾಣಿಕರ ಪಟ್ಟಿಯನ್ನೂ ಪಾಸ್‌ಪೋರ್ಟ್‌ಗಳನ್ನೂ ಒಟ್ಟಿಗೆ ಇಮಿಗ್ರೇಷನ್ ಅಧಿಕಾರಿಗಳ ಮುಂದಿಟ್ಟು ಇಡೀ ಹಡಗಿಗೆ ಅನುಮತಿ ಪಡೆಯುತ್ತಾರೆ. ಅದಕ್ಕೇ ಈ ಏರ್ಪಾಡು.

ಕೊಡುವ ಮೊದಲು ವಿವರದ ಪುಟ, ವೀಸಾ ಪುಟ, ಕೊನೆಯ ಪ್ರವೇಶ ಮುದ್ರೆಯ ಪುಟ, ಈ ಮೂರರ ಫೋಟೊ ತೆಗೆದುಕೊಳ್ಳಿ, ಆಮೇಲೆ ಬೇಕೆಂದಾಗ ಅದು ಕೈಗೆ ಸಿಗುವುದಿಲ್ಲ. ಚರ್ಮದ ಹೊದಿಕೆ, ನಡುವೆ ಸಿಕ್ಕಿಸಿದ ಟಿಕೆಟ್, ನೋಟು ಎಲ್ಲ ತೆಗೆಯಿರಿ. ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಎರಡನ್ನೂ ಕೊಟ್ಟು, ರಸೀದಿಯಲ್ಲಿ ಎರಡೂ ನಮೂದಾಗಿದೆಯೇ ನೋಡಿ. ವಾಪಸು ಪಡೆಯುವಾಗ ಕೌಂಟರ್ ಬಿಡುವ ಮೊದಲೇ ತೆರೆದು ಹೆಸರು, ಫೋಟೊ ನೋಡಿಕೊಳ್ಳಿ. ಒಂದೇ ಮನೆಯವರ, ಒಂದೇ ಉಪನಾಮದವರ ಪಾಸ್‌ಪೋರ್ಟ್‌ಗಳು ಅದಲುಬದಲಾಗುವುದು ಅಪರೂಪವಲ್ಲ. ಹೊರಗೆ ತಂಗುವ ಅಥವಾ ಗಡಿ ದಾಟುವ ಯೋಚನೆ ಇದ್ದರೆ ಬಂದರು ತಲುಪುವ ಹಿಂದಿನ ದಿನವೇ ಕೇಳಿ. ಬೆಳಿಗ್ಗೆ ಇಳಿಯುವ ಗದ್ದಲದಲ್ಲಿ ಹುಡುಕಿಕೊಡುವುದು ಅವರಿಗೂ ಕಷ್ಟ.

ಪ್ರಶ್ನೆ: ಕ್ಯಾಬಿನ್‌ನ ಸೇಫ್ ನಿಜಕ್ಕೂ ಭದ್ರವೆ? ಸಿಬ್ಬಂದಿ ತೆರೆಯಬಹುದಲ್ಲ?

ಉತ್ತರ: ತೆರೆಯಬಹುದು. ನೀವು ಸಂಖ್ಯೆ ಮರೆತರೂ ಅವರೇ ಬಂದು ತೆರೆಯಬೇಕಷ್ಟೆ. ಆದರೂ ಪೇಟೆಯಲ್ಲಿ ಸುತ್ತುವ ಹೆಗಲ ಚೀಲಕ್ಕಿಂತ ಅದು ಎಷ್ಟೋ ಭದ್ರ. ತೊಂದರೆಯಾಗುವುದು ಹೆಚ್ಚಾಗಿ ನಾವು ಬಳಸುವ ರೀತಿಯಿಂದ. ಮೊದಲ ದಿನ ಸೇಫ್ ಖಾಲಿ ಇರುವಾಗ, ಬಾಗಿಲು ತೆರೆದಿಟ್ಟೇ ಸಂಖ್ಯೆ ಒತ್ತಿ ಬೀಗದ ಕಡ್ಡಿ ಹೊರಬರುವುದನ್ನು, ಮತ್ತೆ ಒತ್ತಿ ಒಳಹೋಗುವುದನ್ನು ನೋಡಿ. ಬ್ಯಾಟರಿ ಇಳಿದಿದ್ದರೆ ಅದು ಎಳೆದಾಡುತ್ತದೆ. ಆಗಲೇ ಹೇಳಿ ಬದಲಿಸಿಕೊಳ್ಳಿ. ಕ್ಯಾಬಿನ್ ನಂಬರ್, ಹುಟ್ಟಿದ ಇಸವಿ ಬೇಡ. ಕೆಲವು ಸೇಫ್‌ಗಳು ಸಂಖ್ಯೆಯ ಬದಲು ಕಾರ್ಡ್ ಉಜ್ಜಿದರೆ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಹಡಗಿನ ಕಾರ್ಡನ್ನೇ ಬಳಸಬೇಡಿ. ಕಾರ್ಡ್ ಕಳೆದ ದಿನ ಕ್ಯಾಬಿನ್ ಬಾಗಿಲೂ ಸೇಫೂ ಒಂದೇ ಸಲ ಇನ್ನೊಬ್ಬರ ಕೈಗೆ ಹೋಗುತ್ತವೆ. ಮ್ಯಾಗ್ನೆಟಿಕ್ ಪಟ್ಟಿ ಇರುವ ಬೇರಾವುದೋ ಹಳೆಯ ಕಾರ್ಡ್ ಇದಕ್ಕೆ ಸಾಕು.

ಸೇಫ್‌ನಿಂದ ಪಾಸ್‌ಪೋರ್ಟ್ ಕಳ್ಳತನವಾಗುವುದಕ್ಕಿಂತ ಅದರಲ್ಲೇ ಮರೆತು ಮನೆಗೆ ಹೊರಡುವುದು ಹೆಚ್ಚು. ಕೊನೆಯ ಬೆಳಿಗ್ಗೆ ಇಲ್ಲದೆ ಆಗದ ವಸ್ತುವೊಂದನ್ನು, ಕನ್ನಡಕವೋ ದಿನದ ಮಾತ್ರೆಗಳೋ, ಹಿಂದಿನ ರಾತ್ರಿ ಪಾಸ್‌ಪೋರ್ಟ್ ಮೇಲೆಯೇ ಇಡಿ. ಇದರ ತಮ್ಮನಂಥ ಎಡವಟ್ಟು ಇನ್ನೊಂದಿದೆ: ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಹೊರಗಿಡಲು ಹೇಳುತ್ತಾರೆ, ಅವು ಮರುದಿನ ಟರ್ಮಿನಲ್‌ನಲ್ಲೇ ಸಿಗುವುದು. ಪಾಸ್‌ಪೋರ್ಟ್ ಅದರೊಳಗೆ ಸೇರಿದ್ದರೆ ಇಮಿಗ್ರೇಷನ್ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಹತ್ತುವ ದಿನ ಹಮಾಲರ ಕೈಗೆ ಕೊಡುವ ಲಗೇಜಿಗೂ ಇದೇ ಮಾತು.

ಪ್ರಶ್ನೆ: ಜೊತೆಗೆ ಒಯ್ಯಲೇಬೇಕಾದ ದಿನ ಹೇಗೆ ಇಟ್ಟುಕೊಳ್ಳುವುದು? ಪಾಸ್‌ಪೋರ್ಟ್‌ನ ಚಿಪ್‌ನಲ್ಲಿರುವ ವಿವರ ಕದಿಯದಂತೆ ತಡೆಯುವ ಕವರ್ ಬೇಕೆ?

ಉತ್ತರ: ಪಾಸ್‌ಪೋರ್ಟ್‌ನ ಅಳತೆ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ, 125 ಮಿ.ಮೀ. ಉದ್ದ, 88 ಮಿ.ಮೀ. ಅಗಲ. ಪ್ಯಾಂಟಿನೊಳಗೆ ಸೊಂಟಕ್ಕೆ ಕಟ್ಟುವ ತೆಳುವಾದ ಬಟ್ಟೆಯ ಪಟ್ಟಿಯಲ್ಲಿ ಅದು ಸಲೀಸಾಗಿ ಕೂರುತ್ತದೆ. ಕೊರಳಿಗೆ ನೇತುಹಾಕುವ ಚೀಲವೂ ನಡೆಯುತ್ತದೆ, ಆದರೆ ಅದರ ದಾರ ಕುತ್ತಿಗೆಯಲ್ಲಿ ಕಂಡು, ಒಳಗೆ ಬೆಲೆಬಾಳುವುದೇನೋ ಇದೆ ಎಂದು ಸಾರುತ್ತದೆ. ಹಿಂದಿನ ಜೇಬು, ಬೆನ್ನಚೀಲದ ಹೊರಜೇಬು ಬೇಡವೇ ಬೇಡ. ಬಾರ್ಸಿಲೋನಾದ ಲಾ ರಾಂಬ್ಲಾದಂಥ ಬೀದಿಯಲ್ಲಿ ಜೇಬುಗಳ್ಳರು ಕಾಯುವುದೇ ಅದಕ್ಕೆ. ದಿನದ ಖರ್ಚಿನ ಹಣ ಬೇರೆಡೆ ಇರಲಿ. ನೀರಿನ ಬಾಟಲಿ ಕೊಳ್ಳಲು ನಡುಬೀದಿಯಲ್ಲಿ ಸೊಂಟಪಟ್ಟಿ ಬಿಚ್ಚಿದರೆ ಅಡಗಿಸಿದ್ದೂ ವ್ಯರ್ಥ. ಮನೆಮಂದಿಯ ಎಲ್ಲ ಪಾಸ್‌ಪೋರ್ಟ್‌ಗಳನ್ನು ಒಬ್ಬರೇ ಹೊರುವುದೂ ಸರಿಯಲ್ಲ. ಒಂದು ಚೀಲ ಹೋದರೆ ಎಲ್ಲರೂ ಸಿಕ್ಕಿಬೀಳುತ್ತಾರೆ.

ಚಿಪ್‌ನ ಬಗ್ಗೆ ಹೆದರಿಕೆ ಬೇಡ. ಹತ್ತಿರ ಬಂದವರು ಯಂತ್ರ ಹಿಡಿದ ಮಾತ್ರಕ್ಕೆ ಅದು ವಿವರ ಬಿಟ್ಟುಕೊಡುವುದಿಲ್ಲ. ವಿವರದ ಪುಟದ ಕೆಳಗೆ ತಲಾ 44 ಅಕ್ಷರಗಳ ಎರಡು ಸಾಲುಗಳಿವೆಯಲ್ಲ, ಅದರಲ್ಲಿನ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ ಮುಗಿಯುವ ದಿನಾಂಕ ಇವೇ ಚಿಪ್‌ನ ಕೀಲಿ. ಪುಸ್ತಕ ತೆರೆದು ನೋಡದವನಿಗೆ ಕೀಲಿ ಸಿಗದು. ಹಾಗಾಗಿ ವಿಶೇಷ ಕವರ್‌ಗಿಂತ ಸಾಧಾರಣ ಜಿಪ್‌ಲಾಕ್ ಕವರ್‌ಗೆ ನಮ್ಮ ಮತ. ನಿಜವಾದ ಶತ್ರು ನೀರು. ಹಡಗು ನಡುನೀರಿನಲ್ಲಿ ಲಂಗರು ಹಾಕಿ, ಟೆಂಡರ್ ದೋಣಿಯಲ್ಲಿ ದಡ ಸೇರಿಸುವ ಬಂದರುಗಳಲ್ಲಿ ಅಲೆಯ ಎರಚಲು ಹೊಡೆಯುತ್ತದೆ, ಮೈಯ ಬೆವರು ಸೊಂಟಪಟ್ಟಿಗೂ ಇಳಿಯುತ್ತದೆ. ನೆಂದು ಪುಟ ಉಬ್ಬಿದ, ಅಕ್ಷರ ಹರಡಿದ ಪಾಸ್‌ಪೋರ್ಟನ್ನು ಹಾಳಾದದ್ದು ಎಂದು ಅಧಿಕಾರಿ ತಳ್ಳಿಹಾಕಬಹುದು. ನೆಂದರೆ ಇಸ್ತ್ರಿ, ಹೇರ್ ಡ್ರೈಯರ್ ಹತ್ತಿರ ತರಬೇಡಿ, ಬಿಸಿಗೆ ಲ್ಯಾಮಿನೇಷನ್ ಏಳುತ್ತದೆ. ಪುಟಗಳ ನಡುವೆ ಟಿಶ್ಯೂ ಇಟ್ಟು, ಫ್ಯಾನ್ ಗಾಳಿಗೆ ನಿಲ್ಲಿಸಿ ಒಣಗಿಸಿ. ಈಜುವ ಯೋಚನೆ ಇರುವ ದಿನವಂತೂ ಹಾಳೆ ಕೇಳದ ಹೊರತು ಒಯ್ಯಲೇಬೇಡಿ.

ಪ್ರಶ್ನೆ: ಸ್ಕೂಟರ್ ಬಾಡಿಗೆ ಕೊಡುವವರು ಪಾಸ್‌ಪೋರ್ಟನ್ನೇ ಅಡ ಕೇಳಿದರೆ?

ಉತ್ತರ: ಕೊಡಬೇಡಿ. ಗಾಡಿಗೆ ಗೀರಾಗಿದೆ ಎಂದು ಸಂಜೆ ಜಗಳ ತೆಗೆದರೆ, ಹಡಗು ಹೊರಡುವ ಹೊತ್ತು ಹತ್ತಿರವಿರುವ ನಿಮಗೆ ಕೇಳಿದಷ್ಟು ಕೊಡದೆ ಬೇರೆ ದಾರಿ ಇರುವುದಿಲ್ಲ. ಜೆರಾಕ್ಸ್ ಮತ್ತು ನಗದು ಠೇವಣಿ ಒಪ್ಪಿದರೆ ಸರಿ, ಇಲ್ಲವಾದರೆ ಮುಂದಿನ ಅಂಗಡಿ.

ಪ್ರಶ್ನೆ: ಬಂದರಿನಲ್ಲೇ ಪಾಸ್‌ಪೋರ್ಟ್ ಕಳೆದುಹೋದರೆ ಯಾವ ಕ್ರಮದಲ್ಲಿ ಏನು ಮಾಡಬೇಕು?

ಉತ್ತರ: ಮೊದಲು ಚೆನ್ನಾಗಿ ಹುಡುಕಿ. ಕುಳಿತ ಹೋಟೆಲ್, ಬಂದ ಟ್ಯಾಕ್ಸಿ, ಹಡಗಿನ ತಪಾಸಣೆಯ ಟ್ರೇ. ಕಳೆದಿದೆ ಎಂದು ಅಧಿಕೃತವಾಗಿ ವರದಿ ಮಾಡಿದರೆ ಅದು ರದ್ದಾಗಿ, ಸಂಖ್ಯೆ ಇಂಟರ್‌ಪೋಲ್ 2002ರಿಂದ ನಡೆಸುತ್ತಿರುವ ಕಳೆದ ಮತ್ತು ಕದ್ದ ಪ್ರಯಾಣ ದಾಖಲೆಗಳ ಪಟ್ಟಿಗೂ ಸೇರಬಹುದು. ಆಮೇಲೆ ಸೂಟ್‌ಕೇಸಿನ ಮೂಲೆಯಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಹಾಗೆಂದು ಇಡೀ ದಿನ ಹುಡುಕುತ್ತ ಕೂರಬೇಡಿ, ಒಂದು ಗಂಟೆ ಸಾಕು.

ಸಿಗದಿದ್ದರೆ ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ರಾಯಭಾರ ಕಚೇರಿಯಲ್ಲೂ ವಿಮೆಯವರಲ್ಲೂ ಅದನ್ನು ಕೇಳುತ್ತಾರೆ. ಜೊತೆಜೊತೆಗೇ ಹಡಗಿಗೆ ತಿಳಿಸಿ. ಹಡಗಿನ ಕಾರ್ಡ್ ಇದ್ದರೆ ಹಡಗಿನ ಬಾಗಿಲಲ್ಲಿ ನಿಮ್ಮ ಗುರುತು ಸಿಗುತ್ತದೆ, ಏಕೆಂದರೆ ಸ್ಕ್ಯಾನ್ ಮಾಡಿದಾಗ ಅಲ್ಲಿ ನಿಮ್ಮ ಫೋಟೊ ಬರುತ್ತದೆ. ಆದರೆ ಪಾಸ್‌ಪೋರ್ಟ್ ಇಲ್ಲದವರನ್ನು ಮುಂದಿನ ದೇಶಕ್ಕೆ ಕರೆದೊಯ್ಯಬಹುದೇ ಎಂಬುದು ಹಡಗಿನವರೂ ಆ ದೇಶದವರೂ ತೀರ್ಮಾನಿಸುವ ವಿಷಯ. ಪ್ರವಾಸ ಅಲ್ಲಿಗೇ ನಿಲ್ಲಲೂಬಹುದು. ಆಮೇಲೆ ನಿಮ್ಮ ದೇಶದ ರಾಯಭಾರ ಕಚೇರಿಗೋ ಕಾನ್ಸುಲೇಟ್‌ಗೋ ಫೋನ್ ಮಾಡಿ. ಅದು ಬಂದರಿನ ಊರಿನಲ್ಲೇ ಇರುವುದು ಕಡಿಮೆ, ಶನಿವಾರ ಭಾನುವಾರ ಬಾಗಿಲು ಮುಚ್ಚಿರುತ್ತದೆ. ತುರ್ತು ನಂಬರನ್ನು ಊರಿನಿಂದ ಹೊರಡುವಾಗಲೇ ಬರೆದುಕೊಂಡಿರಬೇಕು. ಅವರು ಕೊಡುವ ತುರ್ತು ಪ್ರಯಾಣ ಪತ್ರ ಸಾಮಾನ್ಯವಾಗಿ ತಾಯ್ನಾಡಿಗೆ ಒಂದು ಸಲ ಮರಳಲು ಮಾತ್ರ. ಕಳೆದ ಪುಸ್ತಕದೊಂದಿಗೆ ಅದರಲ್ಲಿದ್ದ ವೀಸಾಗಳೂ ಹೋಗಿರುತ್ತವೆ, ಉಳಿದ ಬಂದರುಗಳ ಆಸೆ ಬಿಡುವುದೇ ಲೇಸು.

ವಿವರದ ಪುಟದ ಜೆರಾಕ್ಸ್, ವೀಸಾದ ಜೆರಾಕ್ಸ್, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ, ಇನ್ನೊಂದು ಗುರುತಿನ ಚೀಟಿ ಇವು ಪಾಸ್‌ಪೋರ್ಟ್‌ನಿಂದ ಬೇರೆ ಜಾಗದಲ್ಲಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಫೋನಿನಲ್ಲಿಟ್ಟ ಪ್ರತಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತಿರಲಿ.

ಪ್ರಶ್ನೆ: ಕೆಲವು ತಾಣಗಳಲ್ಲಿ ಪಾಸ್‌ಪೋರ್ಟ್ ಮೇಲೆ ನೆನಪಿನ ಮುದ್ರೆ ಒತ್ತಿಕೊಡುತ್ತಾರಂತೆ. ಒತ್ತಿಸಿಕೊಳ್ಳಬಹುದೆ?

ಉತ್ತರ: ಅಂಟಾರ್ಕ್ಟಿಕಾ ಹಡಗುಗಳು ನಿಲ್ಲುವ ಪೋರ್ಟ್ ಲಾಕ್‌ರಾಯ್‌ನಲ್ಲಿ ಅಂಥದ್ದಿದೆ, ಬೇರೆಡೆಗಳಲ್ಲೂ ಇದೆ. ನೋಡಲು ಚೆಂದ, ಆದರೆ ಸರ್ಕಾರದ್ದಲ್ಲದ ಮುದ್ರೆ ಕಂಡರೆ ಪಾಸ್‌ಪೋರ್ಟ್ ತಿದ್ದಲಾಗಿದೆ ಎಂದು ಮುಂದಿನ ಅಧಿಕಾರಿ ತಕರಾರು ಎತ್ತಬಹುದು. ಡೈರಿಯಲ್ಲೋ ಪೋಸ್ಟ್‌ಕಾರ್ಡ್‌ನಲ್ಲೋ ಒತ್ತಿಸಿಕೊಳ್ಳಿ.