ವಿಶ್ವಕಪ್‌ಗೆ ಪ್ರವೇಶ ಹೇಗೆ?

ಪ್ರಶ್ನೆ: ಎರಡು ಬಾರಿ ಚಾಂಪಿಯನ್ ಆದ ವೆಸ್ಟ್ ಇಂಡೀಸ್‌ಗೆ 2023ರ ಏಕದಿನ ವಿಶ್ವಕಪ್‌ನಲ್ಲಿ ಸ್ಥಾನ ಸಿಗಲಿಲ್ಲವೇಕೆ?

ಉತ್ತರ: ಹತ್ತು ಸ್ಥಾನಗಳಲ್ಲಿ ಒಂದು ಆತಿಥೇಯ ಭಾರತಕ್ಕೆ ಮೀಸಲಾಗಿದ್ದು, 13 ತಂಡಗಳ ಸೂಪರ್ ಲೀಗ್‌ ಎಂಬ ಏಕದಿನ ಅರ್ಹತಾ ಸರಣಿಯಲ್ಲಿ ಮುಂಚೂಣಿಯಲ್ಲಿದ್ದ ಇತರ ಏಳು ತಂಡಗಳು ನೇರ ಅರ್ಹತೆ ಪಡೆದವು. ಅಲ್ಲಿ ಗೆಲುವಿಗೆ 10 ಅಂಕ, ಪಂದ್ಯ ರದ್ದಾದರೆ ಎರಡೂ ತಂಡಗಳಿಗೆ ತಲಾ 5. ಈ ಐದಂಕದ ಮಹಿಮೆ ಸಣ್ಣದಲ್ಲ: 2023ರ ಮೇ ತಿಂಗಳಲ್ಲಿ ಇಂಗ್ಲೆಂಡ್‌ನ ಚೆಮ್ಸ್‌ಫರ್ಡ್‌ನಲ್ಲಿ ಐರ್ಲೆಂಡ್–ಬಾಂಗ್ಲಾದೇಶ ಪಂದ್ಯ ಮಳೆಗೆ ಆಹುತಿಯಾಗಿ, ಐದೇ ಅಂಕ ಪಡೆದ ಐರ್ಲೆಂಡ್‌ಗೆ ಮುಂದೆ ಬರುವ ದಾರಿ ಮುಚ್ಚಿದಾಗ, ಆ ಮೈದಾನಕ್ಕೆ ಕಾಲೇ ಇಡದ ದಕ್ಷಿಣ ಆಫ್ರಿಕಾಕ್ಕೆ ಎಂಟನೆಯ ಸ್ಥಾನ ಖಚಿತವಾಯಿತು! ಉಳಿದೆರಡು ಸ್ಥಾನಗಳಿಗಾಗಿ, ವೆಸ್ಟ್ ಇಂಡೀಸ್ ಸೇರಿದಂತೆ ನೇರ ಅರ್ಹತೆ ಸಿಗದ ತಂಡಗಳ ನಡುವೆ ಜಿಂಬಾಬ್ವೆಯಲ್ಲಿ ಅರ್ಹತಾ ಟೂರ್ನಿ ನಡೆಯಿತು. ಹಳೆಯ ಕೀರ್ತಿಗೆ ರಿಯಾಯಿತಿಯಿಲ್ಲದ ಆ ಕಣದಲ್ಲಿ ಜಿಂಬಾಬ್ವೆಗೆ, ಸೂಪರ್ ಓವರ್‌ನಲ್ಲಿ (ಪಂದ್ಯ ಸಮವಾದಾಗ ಆಡಿಸುವ ಒಂದು ಓವರ್‌ನ ನಿರ್ಣಾಯಕ ಆಟ) ನೆದರ್ಲೆಂಡ್ಸ್‌ಗೆ, ಬಳಿಕ ಸ್ಕಾಟ್ಲೆಂಡ್‌ಗೂ ಸೋತ ವೆಸ್ಟ್ ಇಂಡೀಸ್ ಹೊರಬಿದ್ದಿತು. ಶ್ರೀಲಂಕಾ ಮತ್ತು ನೆದರ್ಲೆಂಡ್ಸ್ ಪ್ರವೇಶ ಪಡೆದವು.